ವಿಟಾಲಿನಾ ವರೆಲಾ: ಇದು ಗಂಡನಿಗಾಗಿ ಅಳುವೋ, ಗಂಡನ ಜೊತೆಗಿನ ಜಗಳವೋ?

ತುಂಗಾತೀರ

ಪೋರ್ಚುಗಲ್‌ನ ನಿರ್ದೇಶಕ ಪೆದ್ರೊ ಕೋಸ್ಟಾ ಅವರ ‘ವಿಟಾಲಿನಾ ವರೆಲಾ’ (2019) ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಒಂದು ವಿಷಯ ಬಗೆಹರಿಯುತ್ತಿಲ್ಲ.

ನೋಡದವರಿಗಾಗಿ ಕಥೆ ಇಷ್ಟು. ವಿಟಾಲಿನಾ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡಿ ದ್ವೀಪಗಳ ಹೆಂಗಸು. ಗಂಡ ಜೋಕಿಮ್ ದುಡಿಯಲು ಲಿಸ್ಬನ್‌ಗೆ ಹೋದ. ವಿಮಾನದ ಟಿಕೆಟ್ ಕಳುಹಿಸುತ್ತಾನೆ ಎಂದು ಇವಳು ದಶಕಗಳ ಕಾಲ ಕಾದಳು. ಕೊನೆಗೆ ಹೊರಟು ಬಂದಾಗ ಅವನು ಸತ್ತಿದ್ದಾನೆ, ಅಂತ್ಯಕ್ರಿಯೆ ಮುಗಿದು ಮೂರು ದಿನವಾಗಿದೆ. ವಿಮಾನದ ಮೆಟ್ಟಿಲನ್ನು ಬರಿಗಾಲಿನಲ್ಲಿ ಇಳಿದು ಬರುವ ಅವಳನ್ನು ಎದುರುಗೊಳ್ಳುವವರು ನಿಲ್ದಾಣ ಗುಡಿಸುವ ಅವಳದೇ ನಾಡಿನ ಹೆಂಗಸರು. ತಡವಾಗಿ ಬಂದೆ, ಇಲ್ಲಿ ನಿನಗೆ ಏನೂ ಇಲ್ಲ, ಹಿಂದಿರುಗಿ ಹೋಗು ಎನ್ನುತ್ತಾರೆ. ಅವಳು ಹೋಗುವುದಿಲ್ಲ. ಸತ್ತವನ ಮನೆಗೆ ಹೋಗಿ ಕೂರುತ್ತಾಳೆ.

ಎಲ್ಲರೂ ಇದನ್ನು ಶೋಕದ ಚಿತ್ರ ಎನ್ನುತ್ತಾರೆ. ನನಗೆ ಕಂಡದ್ದು ಶೋಕಕ್ಕಿಂತ ಸಿಟ್ಟು. ಅವಳು ಸತ್ತವನಿಗೆ ಒಂದೊಂದೇ ಲೆಕ್ಕ ಒಪ್ಪಿಸುತ್ತಾಳೆ: ಯಾವಾಗ ಮದುವೆಯಾದೆವು, ಊರಿನಲ್ಲಿ ಮನೆ ಹೇಗೆ ಕಟ್ಟಿದೆವು, ನೀನು ಹೇಗೆ ಹೇಳದೆ ಕೇಳದೆ ಹೊರಟುಹೋದೆ. ಹೀಗೆ ದೂರುವ ಹೆಂಗಸು ನಿಜವಾಗಿ ಅವನಿಗಾಗಿ ಅಳುತ್ತಿದ್ದಾಳೆಯೇ? ನನಗಂತೂ ಅವಳು ಕಳೆದುಹೋದ ತನ್ನ ಆಯುಸ್ಸಿಗಾಗಿ ಅಳುತ್ತಿದ್ದಾಳೆ ಅನ್ನಿಸಿತು.

ರಾತ್ರಿಪಾಳಿ

ಅರ್ಧ ಗಂಟೆಗೆ ನಿಲ್ಲಿಸಿಬಿಟ್ಟೆ. ಏನೂ ಕಾಣಿಸುವುದಿಲ್ಲ. ಯಾರು ಮಾತನಾಡುತ್ತಿದ್ದಾರೆ, ಯಾರು ಸುಮ್ಮನೆ ನಿಂತಿದ್ದಾರೆ ಎಂಬುದೇ ತಿಳಿಯಲಿಲ್ಲ.

ಕ್ಯಾಮೆರಾಕಣ್ಣು

ರಾತ್ರಿಪಾಳಿ ಅವರೇ, ಯಾವುದರಲ್ಲಿ ನೋಡಿದಿರಿ? ಹಗಲು ಹೊತ್ತು ಮೊಬೈಲ್‌ನಲ್ಲಿ ನೋಡಿದರೆ ಈ ಚಿತ್ರ ಸತ್ತೇಹೋಗುತ್ತದೆ. ದೀಪ ಆರಿಸಿ, ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ ನೋಡಬೇಕು.

ಛಾಯಾಗ್ರಾಹಕ ಲಿಯೊನಾರ್ಡೊ ಸಿಮೋಯಿಸ್ ಇಲ್ಲಿ ಮಾಡಿರುವ ಕೆಲಸ ಸಾಮಾನ್ಯದ್ದಲ್ಲ. ಚಿತ್ರದ ಚೌಕಟ್ಟೇ ಹಳೆಯ ಟಿವಿಯಂತೆ ಇಕ್ಕಟ್ಟಾದದ್ದು. ಅದರೊಳಗೆ ಮುಕ್ಕಾಲು ಭಾಗ ಕಪ್ಪು. ಬೆಳಕು ಬೀಳುವುದು ಕೆನ್ನೆಯ ಮೇಲೆ, ಬಾಗಿಲಿನ ಅಂಚಿನ ಮೇಲೆ, ಒಂದು ಅಂಗೈಯ ಮೇಲೆ, ಅಷ್ಟೇ. ಮೊದಲ ದೃಶ್ಯವನ್ನೇ ನೆನಪಿಸಿಕೊಳ್ಳಿ. ಎತ್ತರದ ಗೋಡೆಯ ಪಕ್ಕದ ಓಣಿಯಲ್ಲಿ ಗಂಡಸರು ಕತ್ತಲಿನಿಂದ ಒಬ್ಬೊಬ್ಬರಾಗಿ ನಡೆದು ಬರುತ್ತಾರೆ. ಗೋಡೆಯ ಮೇಲ್ಗಡೆ ಶಿಲುಬೆಗಳ ತುದಿ ಮಾತ್ರ ಕಾಣುತ್ತದೆ. ಅದು ಸ್ಮಶಾನ, ಇವರು ಮಣ್ಣು ಮಾಡಿ ಬರುತ್ತಿರುವವರು ಎಂದು ಯಾರೂ ಹೇಳುವುದಿಲ್ಲ. ಕಣ್ಣು ಆ ಕತ್ತಲಿಗೆ ಹೊಂದಿಕೊಂಡಂತೆ ನಮಗೇ ಹೊಳೆಯುತ್ತದೆ. ದುಃಖದ ಮನೆಗೆ ಹೊಕ್ಕಾಗಲೂ ಹೀಗೆಯೇ ಅಲ್ಲವೇ? ಯಾರು ಎಲ್ಲಿ ಕುಳಿತಿದ್ದಾರೆ ಎಂದು ಕಾಣಲು ಸ್ವಲ್ಪ ಹೊತ್ತು ಬೇಕು.

ಬೆಣ್ಣೆಹಳ್ಳ

ತುಂಗಾತೀರ ಅವರ ಪ್ರಶ್ನೆಗೆ ಬರುತ್ತೇನೆ. ಶೋಕ ಬೇರೆ, ದೂರು ಬೇರೆ ಎಂದು ಯಾರು ಹೇಳಿದರು?

ನಮ್ಮ ಕಡೆಯ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಆ ಅಳುವನ್ನು ಕಿವಿಗೊಟ್ಟು ಕೇಳಿದ್ದೀರಾ? ಮುಕ್ಕಾಲು ಪಾಲು ಬೈಗುಳ ಮತ್ತು ದೂರು. ‘ಹೊಲದ ಸಾಲ ನನ್ನ ತಲೆಯ ಮೇಲೆ ಹಾಕಿ ಮಲಗಿದೆಯಲ್ಲಾ’, ‘ಮಗಳ ಮದುವೆ ಮಾಡುತ್ತೇನೆ ಎಂದಿದ್ದೆಯಲ್ಲಾ, ಈಗ ಯಾರು ಮಾಡಬೇಕು’, ‘ಒಂದು ದಿನವಾದರೂ ನನ್ನ ಮಾತು ಕೇಳಿದೆಯಾ’. ನನ್ನ ಅಜ್ಜಿ ತೀರಿಕೊಂಡ ತನ್ನ ಅಣ್ಣನ ಪಕ್ಕ ಕುಳಿತು, ಆಸ್ತಿ ಹಂಚುವಾಗ ತನಗೆ ಕೊಡದೆ ಹೋದ ಒಂದು ಜೊತೆ ಎತ್ತಿನ ವಿಷಯವನ್ನು ರಾಗವಾಗಿ ಹೇಳಿಕೊಂಡು ಅತ್ತದ್ದು ನನ್ನ ಕಿವಿಯಲ್ಲಿದೆ. ಆಮೇಲೆ ಊಟ ಬಿಟ್ಟು ಸೊರಗಿದವಳೂ ಅವಳೇ. ಬದುಕಿರುವಾಗ ಹೇಳಲಾಗದ್ದನ್ನೆಲ್ಲ ಅಂದು ಹೇಳಬೇಕು. ಅದೇ ಅಳು.

ವಿಟಾಲಿನಾ ಮಾಡುವುದೂ ಅದನ್ನೇ.

ತುಂಗಾತೀರ

ಬೆಣ್ಣೆಹಳ್ಳ ಸರ್, ನೀವು ಹೇಳುವ ಅಳುವಿಗೆ ಸುತ್ತ ಜನ ಇರುತ್ತಾರೆ. ಕೇಳಿಸಿಕೊಳ್ಳುವವರು, ಭುಜ ಹಿಡಿಯುವವರು, ‘ಸಾಕು ಬಿಡವ್ವಾ’ ಎನ್ನುವವರು. ವಿಟಾಲಿನಾ ಬಹುತೇಕ ಒಬ್ಬಳೇ. ಅವಳು ಫೋಟೊ ಇಟ್ಟು ಮೇಣದಬತ್ತಿ ಹಚ್ಚಿದಾಗ ಬಂದು ಹೋಗುವ ಗಂಡಸರೂ ಬಾಯಿ ಬಿಡುವುದಿಲ್ಲ. ಗಂಡನಿಗೆ ಇಲ್ಲಿ ಇವಳಿಗೆ ಗೊತ್ತೇ ಇಲ್ಲದ ಬೇರೆ ಬದುಕು ಇತ್ತು, ಆ ಬದುಕಿನ ಸಾಕ್ಷಿಗಳು ಅವರು. ಅವಳ ಪಾಲಿಗೆ ಅವರು ನೆಂಟರೂ ಅಲ್ಲ, ಪರಿಚಿತರೂ ಅಲ್ಲ.

ಬೆಣ್ಣೆಹಳ್ಳ

ಅದಕ್ಕೇ ಅವಳ ದೂರು ಮುಗಿಯುವುದೇ ಇಲ್ಲ. ಹೆಣದ ಮುಖ ನೋಡಿಲ್ಲ, ಒಂದು ಹಿಡಿ ಮಣ್ಣು ಹಾಕಿಲ್ಲ. ಅಳಬೇಕಾದ ಗಳಿಗೆಯೇ ಅವಳ ಕೈತಪ್ಪಿದೆ. ಮೂರು ದಿನ ತಡ ಎಂಬುದೇ ಇಡೀ ಚಿತ್ರ.

ಕೆಂಪುಹೆಂಚು

ನಾನು ಉಡುಪಿ ಕಡೆಯವಳು. ಚಿತ್ರ ನೋಡಿಲ್ಲ, ಆದರೆ ಈ ಕಥೆ ಓದಿ ಸುಮ್ಮನಿರಲಾಗಲಿಲ್ಲ.

ನನ್ನ ಚಿಕ್ಕಪ್ಪ ಗಲ್ಫ್‌ನಲ್ಲಿದ್ದರು. ರಜೆಗೆ ಬಂದಾಗಲೆಲ್ಲ ಮನೆಯ ಒಂದೊಂದು ಭಾಗ ಏಳುತ್ತಿತ್ತು. ಒಮ್ಮೆ ಅಡಿಪಾಯ, ಒಮ್ಮೆ ಗೋಡೆ, ಒಮ್ಮೆ ಜಗಲಿಗೆ ಟೈಲ್ಸ್. ಚಿಕ್ಕಮ್ಮನನ್ನು ಒಮ್ಮೆಯಾದರೂ ಅಲ್ಲಿಗೆ ಕರೆಸಿಕೊಳ್ಳುತ್ತೇನೆ ಎನ್ನುತ್ತಿದ್ದರು. ಕುಟುಂಬ ವೀಸಾಕ್ಕೆ ಬೇಕಾದಷ್ಟು ಸಂಬಳ ಅವರಿಗೆ ಇರಲಿಲ್ಲ ಎಂಬುದು ಅವರು ತೀರಿಕೊಂಡ ಮೇಲೆ ಅವರ ಕೋಣೆಯಲ್ಲಿದ್ದ ಗೆಳೆಯರಿಂದ ತಿಳಿಯಿತು. ಶವ ಬರಲು ಕಾಗದಪತ್ರಗಳ ತೊಡಕಿನಿಂದ ತುಂಬ ತಡವಾಯಿತು. ಅದರ ಜೊತೆ ಒಂದು ಸೂಟ್‌ಕೇಸ್ ಬಂತು. ಚಿಕ್ಕಮ್ಮ ಅದರಲ್ಲಿದ್ದ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ಕಾಲರ್ ನೋಡುತ್ತಿದ್ದರು. ಒಂದು ಅಂಗಿಯ ಗುಂಡಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿಯಲಾಗಿತ್ತು. ‘ಇದನ್ನು ಯಾರು ಹೊಲಿದುಕೊಟ್ಟರೋ’ ಎಂದು ಕೇಳಿದರು. ಅವರೇ ಹೊಲಿದುಕೊಂಡಿರಬೇಕು ಎಂದು ನಾವೆಲ್ಲ ಹೇಳಿದೆವು. ಆ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

ತುಂಗಾತೀರ ಅವರೇ, ಅದು ಸಿಟ್ಟೋ ದುಃಖವೋ ಎಂದು ನೀವು ಚಿಕ್ಕಮ್ಮನನ್ನು ಕೇಳಿದ್ದರೆ ಅವರು ನಿಮ್ಮನ್ನು ಮನೆಯಿಂದ ಹೊರಗೆ ಕಳುಹಿಸುತ್ತಿದ್ದರು.

ತುಂಗಾತೀರ

ಕೆಂಪುಹೆಂಚು ಮೇಡಂ, ನಿಮ್ಮ ಚಿಕ್ಕಮ್ಮ ಗಂಡನ ಅಂಗಿಯಲ್ಲಿ ಹುಡುಕಿದ್ದನ್ನೇ ವಿಟಾಲಿನಾ ಗಂಡನ ಮನೆಯಲ್ಲಿ ಹುಡುಕುತ್ತಾಳೆ. ದಯವಿಟ್ಟು ಚಿತ್ರ ನೋಡಿ.

ನೇರನುಡಿ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಪ್ಪುವುದಿಲ್ಲ. ಫೊಂಟೈನ್ಯಾಸ್ ಕೊಳೆಗೇರಿಯ ಬಡವರನ್ನು ಚರ್ಚಿನ ಗೋಡೆಯ ಚಿತ್ರಗಳ ಹಾಗೆ ಬೆಳಗಿಸಿ, ಯುರೋಪಿನ ಉತ್ಸವಗಳಿಗೆ ಕೊಂಡೊಯ್ದು ಪ್ರಶಸ್ತಿ ಪಡೆಯುವುದರಲ್ಲಿ ನನಗೆ ಏನೋ ತಪ್ಪು ಕಾಣುತ್ತದೆ. ಸೋರುವ ಮಾಡು, ಗಾರೆ ಉದುರಿದ ಗೋಡೆ, ಎಲ್ಲವೂ ನೋಡಲು ಅಷ್ಟು ಚೆಂದ. ಅಲ್ಲಿ ಬದುಕುವವರಿಗೆ ಅದು ಚೆಂದವೇ? ಬಡತನ ಹೀಗೆ ಕಂಗೊಳಿಸಿದರೆ ಅದರ ಮೇಲೆ ನಮಗೆ ಸಿಟ್ಟು ಬರುವುದು ಹೇಗೆ?

ಹಳೆಯಪುಟ

ನೇರನುಡಿ ಅವರೇ, ಮೊದಲು ಒಂದು ತಿದ್ದುಪಡಿ. ಈ ಚಿತ್ರ ನಡೆಯುವುದು ಫೊಂಟೈನ್ಯಾಸ್‌ನಲ್ಲಿ ಅಲ್ಲ. ಆ ಬಡಾವಣೆಯನ್ನು ಸರ್ಕಾರ ಕೆಡವಿ ಬಹಳ ಕಾಲವಾಯಿತು. ಕೆಡವುತ್ತಿರುವುದನ್ನೇ ಕೋಸ್ಟಾ ತಮ್ಮ 2000ದ ‘ವಾಂಡಾಳ ಕೋಣೆಯಲ್ಲಿ’ ಚಿತ್ರದಲ್ಲಿ ದಾಖಲಿಸಿದ್ದಾರೆ. ಗೋಡೆಗಳು ಒಡೆಯುವ ಸದ್ದು ಆ ಚಿತ್ರದ ಉದ್ದಕ್ಕೂ ಕೇಳುತ್ತದೆ. ವಿಟಾಲಿನಾಳ ಮನೆ ಇರುವುದು ಕೋವಾ ದ ಮೌರಾದಲ್ಲಿ, ಲಿಸ್ಬನ್‌ಗೆ ಅಂಟಿಕೊಂಡಿರುವ ಅಮಾದೋರಾದಲ್ಲಿ. ಇನ್ನೊಂದು ಮಾತು, ಚಿತ್ರದ ಭಾಷೆ ಬಹುಪಾಲು ಕೇಪ್ ವರ್ಡಿಯ ಕ್ರಿಯೋಲ್, ಪೋರ್ಚುಗೀಸ್ ಮತ್ತು ಆಫ್ರಿಕಾದ ಭಾಷೆಗಳು ಬೆರೆತ ಆಡುಮಾತು. ಲಿಸ್ಬನ್‌ನ ಅಂಚಿನಲ್ಲಿ ನಡೆಯುವ ಕಥೆಯಲ್ಲಿ ಪೋರ್ಚುಗೀಸ್ ಮೂಲೆಗೆ ಸರಿದಿದೆ.

ಕ್ಯಾಮೆರಾಕಣ್ಣು

ನೇರನುಡಿ ಅವರ ಆಕ್ಷೇಪ ಕೋಸ್ಟಾ ಅವರ ಮೇಲೆ ಮೊದಲಿನಿಂದಲೂ ಇರುವುದೇ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅವರು ಆ ಜನರ ಬಳಿಗೆ ಹೇಗೆ ಬಂದರು ಎಂಬುದನ್ನೂ ನೋಡಬೇಕು.

1994ರಲ್ಲಿ ಅವರು ಕೇಪ್ ವರ್ಡಿಯಲ್ಲಿ ಒಂದು ಚಿತ್ರ ಮಾಡಿದರು. ಮರಳುವಾಗ ಅಲ್ಲಿನ ಜನ ಲಿಸ್ಬನ್‌ನಲ್ಲಿದ್ದ ತಮ್ಮವರಿಗೆ ಕೊಡಿ ಎಂದು ಪತ್ರಗಳನ್ನೂ ಸಣ್ಣಪುಟ್ಟ ವಸ್ತುಗಳನ್ನೂ ಅವರ ಕೈಗೆ ಕೊಟ್ಟರು. ಅವನ್ನು ತಲುಪಿಸಲು ಹೋಗಿಯೇ ಅವರು ಫೊಂಟೈನ್ಯಾಸ್ ಒಳಗೆ ಕಾಲಿಟ್ಟದ್ದು. ನಂತರ ದೊಡ್ಡ ತಂಡ, ಟ್ರಕ್ಕು, ಜನರೇಟರ್ ಎಲ್ಲವನ್ನೂ ಬಿಟ್ಟು ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ಒಂದು ಹೆಂಗಸಿನ ಕೋಣೆಯಲ್ಲಿ ಕುಳಿತರು. ಈ ಚಿತ್ರದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿರುವ ವಿಟಾಲಿನಾ ಸಿಕ್ಕಿದ್ದೂ ಹಾಗೆಯೇ. ‘ಕವಾಲು ದಿನ್ಹೇರೊ’ (2014) ಚಿತ್ರಕ್ಕೆ ಜಾಗ ಹುಡುಕುತ್ತಾ ಒಂದು ಮನೆಯ ಬಾಗಿಲು ತಟ್ಟಿದಾಗ ಕಪ್ಪು ಬಟ್ಟೆ ತೊಟ್ಟ ಹೆಂಗಸು ಬಾಗಿಲು ತೆರೆದಳು. ಅವಳು ಆ ಚಿತ್ರದಲ್ಲೂ ಇದ್ದಾಳೆ. ಐದು ವರ್ಷದ ನಂತರ ಬಂದದ್ದು ಅವಳದೇ ಹೆಸರಿನ ಈ ಚಿತ್ರ.

ಚಿತ್ರಕಥೆಯಲ್ಲಿ ನಿರ್ದೇಶಕರ ಹೆಸರಿನ ಜೊತೆ ಅವಳ ಹೆಸರೂ ಇದೆ. ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಚಿನ್ನದ ಚಿರತೆ ಸಿಕ್ಕಿತು, ಅತ್ಯುತ್ತಮ ನಟಿ ಪ್ರಶಸ್ತಿ ಅವಳಿಗೇ ಸಿಕ್ಕಿತು. ತನ್ನ ಬದುಕನ್ನು ತಾನೇ ಹೇಳಿ, ತಾನೇ ನಟಿಸಿ, ತಾನೇ ಪ್ರಶಸ್ತಿ ಪಡೆದವಳನ್ನು ‘ಬಳಸಿಕೊಂಡರು’ ಎಂದು ಹೇಗೆ ಹೇಳುತ್ತೀರಿ?

ನೇರನುಡಿ

ಪ್ರಶಸ್ತಿ ಪತ್ರದಿಂದ ಮಾಡು ಸೋರುವುದು ನಿಲ್ಲುವುದಿಲ್ಲ. ಅವಳ ಹೆಸರು ಇದೆ ಎಂದ ಮಾತ್ರಕ್ಕೆ ಕ್ಯಾಮೆರಾ ಎಲ್ಲಿ ಇಡಬೇಕು ಎಂದು ಅವಳು ತೀರ್ಮಾನಿಸಿದಳು ಎಂದಾಗುವುದಿಲ್ಲ.

ಆದರೂ ಪತ್ರಗಳ ಸಂಗತಿ ಗೊತ್ತಿರಲಿಲ್ಲ. ಅದು ದೊಡ್ಡ ಮಾತು.

ಸಂಜೆಮಲ್ಲಿಗೆ

ಬಡತನ ಚೆಂದವಾಗಿ ಕಂಡಿತು ಎನ್ನುವವರು ಸ್ನಾನದ ದೃಶ್ಯ ನೋಡಿರಿ. ಅವಳು ಮೈಗೆ ನೀರು ಹಾಕಿಕೊಳ್ಳುತ್ತಿದ್ದಾಗ ಚಾವಣಿಯ ಚೂರು ಕಳಚಿ ತಲೆಯ ಮೇಲೆ ಬೀಳುತ್ತದೆ. ಅವಳು ಕಿರುಚುವುದಿಲ್ಲ. ಆಮೇಲೆ ಗಂಡನಿಗೇ ಹೇಳುತ್ತಾಳೆ, ಎಂಥ ಮನೆ ಕಟ್ಟಿದ್ದೀಯ ಎಂದು. ಊರಿನಲ್ಲಿ ಇಬ್ಬರೂ ಸೇರಿ ಎಷ್ಟು ಗಟ್ಟಿಯಾದ ಮನೆ ಕಟ್ಟಿದ್ದರು ಎಂಬುದು ಅವಳಿಗೆ ಗೊತ್ತು. ಅಷ್ಟು ಚೆನ್ನಾಗಿ ಕಟ್ಟಬಲ್ಲವನು ಇಲ್ಲಿ ಹೀಗೇಕೆ ಕಟ್ಟಿದ? ಬೇರೆ ಯಾವ ಭಾಷಣಕ್ಕಿಂತ ಈ ಒಂದು ದೃಶ್ಯ ನನಗೆ ಹೆಚ್ಚು ಸಿಟ್ಟು ತರಿಸಿತು.

ಹಳೆಯಪುಟ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಲಿಸ್ಬನ್‌ನ ಕಟ್ಟಡಗಳಲ್ಲಿ ಕಲ್ಲು ಹೊತ್ತು ಗಾರೆ ಕಲಸಿದವರಲ್ಲಿ ಕೇಪ್ ವರ್ಡಿಯವರು ಬಹಳ ಮಂದಿ. ಕೋಸ್ಟಾ ಅವರ 2006ರ ‘ಜುವೆಂಟೂಡೆ ಎಂ ಮಾರ್ಷಾ’ ಚಿತ್ರದಲ್ಲಿ ವೆಂಚುರಾ ಎಂಬ ಮುದುಕ ಗುಲ್ಬೆಂಕಿಯನ್ ವಸ್ತುಸಂಗ್ರಹಾಲಯದೊಳಗೆ ಹೋಗಿ ನಿಲ್ಲುತ್ತಾನೆ. ಆ ಕಟ್ಟಡ ಕಟ್ಟಲು ದುಡಿದವರಲ್ಲಿ ಅವನೂ ಒಬ್ಬ. ಕಾವಲುಗಾರ ಅವನನ್ನು ಮೆಲ್ಲಗೆ ಹೊರಗೆ ಕರೆದೊಯ್ಯುತ್ತಾನೆ. ಆ ಕಾವಲುಗಾರನೂ ಕಪ್ಪುಜನಾಂಗದವನೇ. ನೇರನುಡಿ ಅವರ ಪ್ರಶ್ನೆಯನ್ನು ಕೋಸ್ಟಾ ತಮ್ಮ ಚಿತ್ರದೊಳಗೇ ಕೇಳಿಕೊಂಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ರಾಗಮಾಲೆ

ವಿಷಯ ಸ್ವಲ್ಪ ಆಚೆ ಹೋದರೆ ಕ್ಷಮಿಸಿ. ಕೇಪ್ ವರ್ಡಿ ಎಂದೊಡನೆ ನನಗೆ ಸೆಸಾರಿಯಾ ಎವೊರಾ ನೆನಪಾಗುತ್ತಾರೆ. ಅಲ್ಲಿನ ‘ಮೊರ್ನಾ’ ಹಾಡುಗಳನ್ನು ಲೋಕಕ್ಕೆ ಕೇಳಿಸಿದ ಗಾಯಕಿ. ವೇದಿಕೆಯ ಮೇಲೆ ಬರಿಗಾಲಿನಲ್ಲೇ ಹಾಡುತ್ತಿದ್ದರು. 2011ರಲ್ಲಿ ತೀರಿಕೊಂಡರು. ಮೊರ್ನಾ 2019ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಅದರ ತುಂಬ ಊರು ಬಿಟ್ಟವರ, ಊರಲ್ಲೇ ಉಳಿದವರ ದುಃಖ. ವಿಟಾಲಿನಾ ಬರಿಗಾಲಿನಲ್ಲಿ ಇಳಿಯುವುದು ಆ ಗಾಯಕಿಗೆ ಸಲ್ಲಿಸಿದ ಗೌರವ ಇರಬಹುದೇ?

ಕ್ಯಾಮೆರಾಕಣ್ಣು

ಖಂಡಿತ ಅಲ್ಲ ಎನ್ನುತ್ತೇನೆ. ಆ ಪಾದಗಳು ಒದ್ದೆಯಾಗಿವೆ, ಮೆಟ್ಟಿಲಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಕ್ಯಾಮೆರಾ ಮುಖಕ್ಕಿಂತ ಮೊದಲು ಪಾದ ತೋರಿಸುತ್ತದೆ. ಅಲ್ಲಿ ವೇದಿಕೆಯ ಗಾಯಕಿಯ ನೆನಪು ಬಂದರೆ ದೃಶ್ಯ ಸಡಿಲವಾಗುತ್ತದೆ. ಅಲ್ಲಿರುವುದು ದೇಹ ಮಾತ್ರ. ಬಹುದೂರ ಬಂದು ದಣಿದ ದೇಹ.

ರಾಗಮಾಲೆ

ನಿಮ್ಮ ಖಚಿತತೆ ನಿಮಗಿರಲಿ. ನನಗೆ ಆ ಪಾದ ನೋಡಿದಾಗ ಹಾಡೇ ಕೇಳಿಸಿತು.

ಮಾಂಡೋವಿ

ನಾನು ಗೋವಾದಲ್ಲಿರುವ ಕನ್ನಡಿಗ. ಇಲ್ಲಿ ಪೋರ್ಚುಗೀಸರ ಆಳ್ವಿಕೆ 1961ರಲ್ಲಿ ಮುಗಿಯಿತು. ಕೇಪ್ ವರ್ಡಿಗೆ ಸ್ವಾತಂತ್ರ್ಯ ಬಂದದ್ದು 1975ರ ಜುಲೈ 5ರಂದು, ಲಿಸ್ಬನ್‌ನಲ್ಲಿ ಸರ್ವಾಧಿಕಾರವನ್ನು ಉರುಳಿಸಿದ 1974ರ ಏಪ್ರಿಲ್ 25ರ ಕ್ರಾಂತಿ ನಡೆದ ನಂತರ. ಅದಕ್ಕಾಗಿ ಹೋರಾಡಿದ ಅಮಿಲ್ಕಾರ್ ಕಬ್ರಾಲ್ 1973ರಲ್ಲೇ ಕೊಲೆಯಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಬರಡು ದ್ವೀಪಗಳಿಂದ ಜನ ದುಡಿಮೆಗೆ ಹೋಗಬೇಕಾದದ್ದು ಹಳೆಯ ಒಡೆಯನ ಊರಿಗೇ. ಜೋಕಿಮ್ ಒಬ್ಬನನ್ನೇ ದೂಷಿಸುವ ಮೊದಲು ಇದನ್ನೂ ನೆನಪಿಡಬೇಕು.

ಸಂಜೆಮಲ್ಲಿಗೆ

ಇತಿಹಾಸ ಸರಿ ಮಾಂಡೋವಿ ಅವರೇ. ಆದರೆ ಟಿಕೆಟ್ ಕಳುಹಿಸದೆ ಇದ್ದದ್ದು ಇತಿಹಾಸವಲ್ಲ, ಜೋಕಿಮ್. ಗಂಡಸರ ತಪ್ಪನ್ನೆಲ್ಲ ಕಾಲದ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ, ವಿಟಾಲಿನಾಳೂ ಒಪ್ಪುವುದಿಲ್ಲ. ಇಡೀ ಚಿತ್ರದಲ್ಲಿ ಅವಳು ಒಮ್ಮೆಯೂ ಅವನ ಪರವಾಗಿ ನೆಪ ಹೇಳುವುದಿಲ್ಲ.

ಇಷ್ಟೆಲ್ಲ ಚರ್ಚೆಯಲ್ಲಿ ಪಾದ್ರಿಯ ಬಗ್ಗೆ ಯಾರೂ ಮಾತನಾಡಲಿಲ್ಲವಲ್ಲ? ಪಶ್ಚಾತ್ತಾಪ ಎಂಬುದು ಈ ಚಿತ್ರದಲ್ಲಿ ಇರುವುದೇ ಅವನಲ್ಲಿ. ಹಳೆಯಪುಟ ಅವರು ಹೇಳಿದ ಅದೇ ವೆಂಚುರಾ ಇಲ್ಲಿ ಪಾದ್ರಿಯಾಗಿದ್ದಾನೆ. ಕೈ ನಡುಗುತ್ತದೆ, ಚರ್ಚಿಗೆ ಯಾರೂ ಬರುವುದಿಲ್ಲ, ಕುರ್ಚಿಗಳು ಖಾಲಿ. ಹಿಂದೆ ಊರಿನಲ್ಲಿದ್ದಾಗ ಬ್ಯಾಪ್ಟಿಸಂ ಕೇಳಿಕೊಂಡು ಬಂದ ಜನರನ್ನು ಅವನು ನಿರಾಕರಿಸಿ ಕಳುಹಿಸಿದ್ದ. ಅವರು ಹೊರಟ ವಾಹನ ಅಪಘಾತಕ್ಕೀಡಾಗಿ ಸತ್ತರು. ಅಂದಿನಿಂದ ಅವನ ನಂಬಿಕೆ ಮುರಿದಿದೆ. ವಿಟಾಲಿನಾ ಅವನ ಬಳಿ ಗಂಡನಿಗಾಗಿ ಪ್ರಾರ್ಥನೆ ಕೇಳಲು ಹೋಗುತ್ತಾಳೆ. ಪ್ರಾರ್ಥಿಸುವ ಶಕ್ತಿಯೇ ಇಲ್ಲದವನ ಬಳಿ.

ಬೆಣ್ಣೆಹಳ್ಳ

ಅವರಿಬ್ಬರೂ ಎದುರುಬದುರಾಗುವ ದೃಶ್ಯಗಳು ನನಗೆ ಅತಿ ಮುಖ್ಯ. ಒಬ್ಬಳಿಗೆ ಅನ್ಯಾಯವಾಗಿದೆ, ಲೆಕ್ಕ ಕೇಳಲು ಎದುರಾಳಿ ಇಲ್ಲ. ಇನ್ನೊಬ್ಬನು ಅನ್ಯಾಯ ಮಾಡಿದ್ದಾನೆ, ಕ್ಷಮಿಸಲು ಯಾರೂ ಉಳಿದಿಲ್ಲ. ಇಬ್ಬರ ಸಾಲವೂ ಸತ್ತವರ ಜೊತೆ. ಅವಳು ಪಾದ್ರಿಯನ್ನು ಗದರಿಸುವಾಗ ಜೋಕಿಮ್‌ಗೆ ತಲುಪಬೇಕಾದ ಮಾತು ಮೊದಲ ಬಾರಿಗೆ ಬದುಕಿರುವ ಒಂದು ಕಿವಿಗೆ ಬೀಳುತ್ತದೆ.

ತುಂಗಾತೀರ

ಈ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದರೆ ಅವಳು ಲಿಸ್ಬನ್‌ನಲ್ಲಿ ಉಳಿಯುವುದೂ ಅದಕ್ಕೇ ಇರಬೇಕು. ಹಿಂದಿರುಗಿ ಹೋದರೆ ಅವನು ಗೆದ್ದಂತೆ. ‘ಇಲ್ಲಿ ನಿನಗೆ ಏನೂ ಇಲ್ಲ’ ಎಂದವರಿಗೆ ಅವಳ ಉತ್ತರ ಆ ಮನೆಯ ಚಾವಣಿಯನ್ನು ರಿಪೇರಿ ಮಾಡಿಸುವುದು.

ರಾತ್ರಿಪಾಳಿ

ನೀವೆಲ್ಲ ಇಷ್ಟು ಬರೆದ ಮೇಲೆ ನಿನ್ನೆ ದೀಪ ಆರಿಸಿ ಮತ್ತೆ ಮೊದಲಿನಿಂದ ನೋಡಿದೆ. ಈ ಬಾರಿ ಮುಗಿಸಿದೆ. ನಿಧಾನ ಎಂಬ ದೂರನ್ನು ಈಗಲೂ ಬಿಡುವುದಿಲ್ಲ. ಎರಡು ಗಂಟೆಗೂ ಹೆಚ್ಚು ಉದ್ದ, ಅದರಲ್ಲಿ ಕೆಲವು ಮೌನಗಳು ಅನಗತ್ಯ. ಆದರೆ ಕೊನೆಯಲ್ಲಿ ಹಠಾತ್ತನೆ ಬಿಸಿಲು ಬಂದು, ಕೇಪ್ ವರ್ಡಿಯ ಬೆಟ್ಟದಲ್ಲಿ ಹರೆಯದ ಗಂಡಹೆಂಡಿರು ಮನೆ ಕಟ್ಟುವುದನ್ನು ತೋರಿಸಿದಾಗ ಕಣ್ಣಿಗೆ ಹೊಡೆದಂತಾಯಿತು. ಅದು ನೆನಪೋ, ಕನಸೋ?

ಸಂಜೆಮಲ್ಲಿಗೆ

ನೆನಪು. ಆ ಒಳ್ಳೆಯ ದಿನಗಳು ಅವಳದೂ ಹೌದು, ಅವನ್ನು ಅವಳು ಸತ್ತವನಿಗೆ ಬಿಟ್ಟುಕೊಟ್ಟಿಲ್ಲ. ನನಗೆ ಅದು ಸಮಾಧಾನದ ಮುಕ್ತಾಯ.

ನೇರನುಡಿ

ನನಗೆ ಸಮಾಧಾನ ಕಾಣಲಿಲ್ಲ. ಅವನು ಆಮೇಲೆ ಏನು ಮಾಡುತ್ತಾನೆ ಎಂದು ನಮಗೆ ಗೊತ್ತಿದೆ. ಗೊತ್ತಿದ್ದೂ ಆ ಇಬ್ಬರು ಗೋಡೆ ಎತ್ತುವುದನ್ನು ನೋಡಬೇಕು. ಇದು ಚಿತ್ರದ ಅತ್ಯಂತ ಕ್ರೂರ ದೃಶ್ಯ, ಮತ್ತು ಅತ್ಯುತ್ತಮ ದೃಶ್ಯ. ಇದೊಂದಕ್ಕೆ ನಾನು ಕೋಸ್ಟಾ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಕೆಂಪುಹೆಂಚು

ಭಾನುವಾರ ನೋಡುತ್ತೇನೆ. ಚಿಕ್ಕಮ್ಮನ ಮಗಳನ್ನೂ ಕೂರಿಸಿಕೊಳ್ಳಬೇಕೆಂದಿದ್ದೇನೆ. ಅವಳಿಗೆ ಇದು ಹೆಚ್ಚಾಗಬಹುದೇ?

ಬೆಣ್ಣೆಹಳ್ಳ

ಕಥೆ ಮೊದಲೇ ಹೇಳಿಬಿಡಿ ಮೇಡಂ, ಅವಳೇ ತೀರ್ಮಾನಿಸಲಿ. ಕಣ್ಣೀರು ಹಿಂಡುವ ಚಿತ್ರ ಇದಲ್ಲ. ಹಿನ್ನೆಲೆ ಸಂಗೀತ ಹಾಕಿ ಅಳಿಸುವುದಿಲ್ಲ. ಆದರೆ ಮನೆಯ ರಕ್ತದ ಬಟ್ಟೆ, ಹಾಸಿಗೆಗಳನ್ನು ತೆರವು ಮಾಡುವ ದೃಶ್ಯ ಆರಂಭದಲ್ಲೇ ಬರುತ್ತದೆ. ಅದಕ್ಕೆ ಮಾತ್ರ ಅವಳನ್ನು ಸಿದ್ಧಪಡಿಸಿ.

ರಾತ್ರಿಪಾಳಿ

ಇವರ ಇನ್ನೊಂದು ಚಿತ್ರ ನೋಡಬೇಕೆಂದರೆ ಯಾವುದು? ವಾಂಡಾಳ ಚಿತ್ರ ಮೂರು ಗಂಟೆಗೆ ಹತ್ತಿರವಂತೆ.

ಹಳೆಯಪುಟ

ಸದ್ಯಕ್ಕೆ ವಾಂಡಾ ಬೇಡ, ನಿಮ್ಮ ತಾಳ್ಮೆ ಅಲ್ಲಿ ಖಂಡಿತ ಕೈಕೊಡುತ್ತದೆ. ‘ಕವಾಲು ದಿನ್ಹೇರೊ’ ನೋಡಿ. ಅದರಲ್ಲಿ ವಿಟಾಲಿನಾ ಗಂಡನ ಸಾವಿನ ಕಾಗದಪತ್ರಗಳನ್ನು ಪಿಸುದನಿಯಲ್ಲಿ ಓದುತ್ತಾಳೆ. ಹೆಸರು, ದಿನಾಂಕ, ಸರ್ಕಾರಿ ಭಾಷೆ. ಈ ಚಿತ್ರ ನೋಡಿದವರಿಗೆ ಆ ಪಿಸುದನಿಯ ಹಿಂದೆ ಏನಿದೆ ಎಂದು ಗೊತ್ತಿರುತ್ತದೆ.

ಕ್ಯಾಮೆರಾಕಣ್ಣು

ಒಪ್ಪುವುದಿಲ್ಲ ಹಳೆಯಪುಟ ಸರ್. ‘ಕವಾಲು ದಿನ್ಹೇರೊ’ದಲ್ಲಿ ಕಾಲ, ಜಾಗ ಎರಡೂ ಕಲಸಿಹೋಗಿವೆ. 1974ರ ಕ್ರಾಂತಿಯ ಹಿನ್ನೆಲೆ ಗೊತ್ತಿಲ್ಲದವರಿಗೆ ಲಿಫ್ಟ್‌ನೊಳಗಿನ ಸೈನಿಕನ ದೃಶ್ಯ ತಲೆಬುಡ ತಿಳಿಯುವುದಿಲ್ಲ. ರಾತ್ರಿಪಾಳಿ ಅವರು ಮೊದಲು ವೆಂಚುರಾನ 2006ರ ಚಿತ್ರ ನೋಡಲಿ. ಅದರಲ್ಲಿ ಬಿಳಿ ಗೋಡೆಯ ಹೊಸ ಫ್ಲ್ಯಾಟುಗಳಿವೆ, ಹಗಲು ಬೆಳಕಿದೆ. ಅವರ ಮೊದಲ ದೂರಿಗೆ ಅಲ್ಲಿ ಆಸ್ಪದವಿಲ್ಲ.